ವೈರು ಕತ್ತರಿಸಿದ ಹೀಟರ್ ಕುರಿತು ಹಿರಿಯ ಸೊಸೆಯ ಹೇಳಿಕೆ

ಬೀದಿಯಲ್ಲಿ ಎಲ್ಲರೂ ಟೈಲರಕ್ಕ ಎಂದು ಕರೆಯುವ ನಾನು, ವಯಸ್ಸು 47 ವರ್ಷ, ಕಸುಬು ಬಟ್ಟೆ ಹೊಲಿಯುವುದು, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿ, ಠಾಣೆಗೆ ನಾನಾಗಿಯೇ ಹಾಜರಾಗಿ ತಿಳಿಸುವುದೇನೆಂದರೆ:

ಮನೆಯಲ್ಲಿ ನಾನು ಮತ್ತು 74 ವರ್ಷದ ನನ್ನ ಅತ್ತೆ ಇರುತ್ತೇವೆ. ಗಂಡ ಲಾರಿ ಓಡಿಸುವುದರಿಂದ ಮನೆಯಲ್ಲಿರುವುದು ಅಪರೂಪ. ಗಂಡನ ತಮ್ಮ, ಅಂದರೆ ನನ್ನ ಮೈದುನ, ವಿಮೆ ಏಜೆಂಟ್. ಬೀದಿಯವರು ಅವನಿಗೆ 'ಪಾಲಿಸಿ' ಎಂದು ಹೆಸರಿಟ್ಟಿದ್ದಾರೆ. ಬೆಂಕಿ ಅನಾಹುತದ ಬಗ್ಗೆ ಊರಿಗೆಲ್ಲ ಉಪದೇಶ ಮಾಡಿ ಹೊಟ್ಟೆ ಹೊರೆಯುವವನು. ತನ್ನ ತಾಯಿಯನ್ನು ನೋಡಲು ಬರುವುದು ನಮ್ಮ ಕಡೆ ಗಿರಾಕಿ ಸಿಕ್ಕ ದಿನ ಮಾತ್ರ.

ಕಳೆದ ತಿಂಗಳು 12ರಂದು ಬೆಳಿಗ್ಗೆ ಸದರಿ ಮೈದುನ ತನ್ನ ಮನೆಯ ರೂಮ್ ಹೀಟರ್ ಹೊತ್ತು ನಮ್ಮ ಮನೆಗೆ ಬಂದನು. ಉರುಳಿ ಬಿದ್ದರೆ ತಾನಾಗಿ ಆರಬೇಕಾದ ಅದರ ಸ್ವಿಚ್ ಆರುವುದಿಲ್ಲವೆಂದೂ, ಕಂಪನಿಯವರು ಆ ಮಾದರಿಯನ್ನೆಲ್ಲ ವಾಪಸ್ ಕರೆದಿದ್ದಾರೆಂದೂ, ವೈರು ಕತ್ತರಿಸಿ ಫೋಟೋ ಕಳಿಸಿದರೆ ಹೊಸದು ಮನೆಗೇ ಬರುತ್ತದೆಂದೂ ತಿಳಿಸಿದನು. ನಾನು ಒಳಗೆ ಸ್ಟೌ ಮುಂದೆ ಇದ್ದಾಗ ನನ್ನ ಬಟ್ಟೆ ಕತ್ತರಿ ತೆಗೆದು, ನನ್ನ ಮೇಜಿನ ಮೇಲೆಯೇ ವೈರು ಕತ್ತರಿಸಿದನು. ಹದಿನಾರು ವರ್ಷ ಕಾಗದಕ್ಕೂ ತಾಗಿಸದ ಕತ್ತರಿ. ಈಗ ಅದರ ಅಲಗು ಮುಕ್ಕಾಗಿ ಹಲ್ಲು ಬಿದ್ದಿದೆ. ಕೇಳಿದ್ದಕ್ಕೆ ಸಾಣೆ ಹಿಡಿಸಿದರಾಯಿತು ಎಂದು ನಕ್ಕನು. ಫೋಟೋ ತೆಗೆದು, ಹೀಟರನ್ನೂ ತುಂಡು ವೈರನ್ನೂ ಚೀಲಕ್ಕೆ ಹಾಕಿಕೊಂಡು ಹೋದನು. ಗುಜರಿಗೆ ಹಾಕುತ್ತಾನೆಂದು ನಾನು ತಿಳಿದೆ.

26ರಂದು ಅದೇ ಹೀಟರ್ ತಂದನು. ಕತ್ತರಿಸಿದ ಜಾಗಕ್ಕೆ ಕಪ್ಪು ಟೇಪು ಸುತ್ತಿತ್ತು. ಅಮ್ಮನಿಗೆ ಚಳಿ, ಅದಕ್ಕೆ ಉಡುಗೊರೆ ಎಂದನು. ಹೊಸದು ಎಲ್ಲಿ ಎಂದು ಕೇಳಿದೆ. ತನ್ನ ಮಲಗುವ ಕೋಣೆಯಲ್ಲಿದೆ ಎಂದು ಹೇಳುವಾಗ ಅವನ ಮುಖದಲ್ಲಿ ನಾಚಿಕೆಯ ಲವಲೇಶವೂ ಇರಲಿಲ್ಲ. ಸ್ವಿಚ್ ಕೆಟ್ಟಿರುವುದು ನಿಜವಲ್ಲವೇ ಎಂದಾಗ, ಬಿದ್ದರೆ ತಾನೇ ತೊಂದರೆ, ಬೀಳಿಸಬೇಡಿ ಎಂದು ನನಗೇ ಬುದ್ಧಿ ಹೇಳಿದನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಹೇಳಿಕೆಯಲ್ಲಿ ಗಾದೆ ಬರುವಂತಿಲ್ಲ ಎಂದು ಇದನ್ನು ಬರೆದುಕೊಳ್ಳುತ್ತಿರುವ ಠಾಣೆಯವರು ಹೇಳಿದರು. ಬರೆಯಿರಿ ಎಂದಿದ್ದೇನೆ. ಅವನು ಹೋದ ಮೇಲೆ ಹೀಟರನ್ನು ಅಡುಗೆಮನೆಯ ಅಟ್ಟಕ್ಕೆ ಹಾಕಿ, ಮುಟ್ಟಬಾರದೆಂದು ಅತ್ತೆಗೆ ಹೇಳಿದೆ.

ಮೊನ್ನೆ 17ರಂದು ಮಧ್ಯಾಹ್ನ ಮೂರು ಗಂಟೆಗೆ ಹೊಲಿದ ಬಟ್ಟೆ ಕೊಡಲು ಹೊರಗೆ ಹೋದೆ. ಆಮೇಲೆ ಮೈದುನ ಬಂದು, ಅಮ್ಮನ ಕೋಣೆ ತಣ್ಣಗಿದೆ, ಅತ್ತಿಗೆಗೆ ಕರೆಂಟ್ ಬಿಲ್ಲಿನ ಚಿಂತೆ ಎಂದು ಆಡಿಕೊಂಡು, ಕೆಳಗಿನ ಗಿರಣಿಯವನ ಹತ್ತಿರ ಸ್ಟೂಲ್ ಕೇಳಿ ಪಡೆದು, ಹೀಟರ್ ಇಳಿಸಿ, ಮಂಚದ ಪಕ್ಕ ಹಚ್ಚಿ ಹೋದನು. ಇದನ್ನು ಗಿರಣಿಯವನೂ ಹೇಳುತ್ತಾನೆ. ಅತ್ತೆ ಮಗ್ಗುಲು ಬದಲಿಸಿದಾಗ ಹೊದಿಕೆ ಸಿಕ್ಕಿ ಹೀಟರ್ ಉರುಳಿತು. ಆರಲಿಲ್ಲ. ಹೊದಿಕೆಗೆ ಬೆಂಕಿ ಹತ್ತಿತು. ಅತ್ತೆ ಅದನ್ನು ಕೈಯಿಂದಲೇ ಎಳೆದು ಹಾಕಿದರು. ಹೊಗೆ ಕಂಡು ಗಿರಣಿಯವನು ಹತ್ತಿ ಬಂದು ಮೇನ್ ಸ್ವಿಚ್ ಆರಿಸಿ, ನೀರು ಸುರಿದನು. ನಾನು ನಾಲ್ಕೂವರೆಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಎರಡೂ ಕೈ ಮುಂದೆ ಚಾಚಿ ಕೂತಿದ್ದರು. ಅಂಗೈಯ ಚರ್ಮ ಸುಲಿದಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಮಗನೇ ಹಚ್ಚಿ ಹೋದದ್ದೆಂದು ಅವರ ಬಾಯಿಂದಲೇ ಕೇಳಿದೆ.

ನಿನ್ನೆ ಮೈದುನ ಆಸ್ಪತ್ರೆಗೆ ಬಂದು ಅರ್ಧ ಗಂಟೆ ತಾಯಿಯ ಪಕ್ಕ ಕೂತು ಹೋದನು. ಅದಾದ ಮೇಲೆ ಠಾಣೆಯಿಂದ ಬಂದವರ ಮುಂದೆ ಅತ್ತೆಯವರು, ಸೊಸೆಯೇ ಹೀಟರ್ ಹಚ್ಚಿ, ಅದರ ಮೇಲೆ ಹೊಲಿಗೆ ಬಟ್ಟೆ ಗುಡ್ಡೆ ಹಾಕಿ ಹೋದಳು ಎಂದು ಹೇಳಿಕೆ ಕೊಟ್ಟಿರುತ್ತಾರೆ. ಇದು ಸುಳ್ಳು. ಗಿರಾಕಿಗಳ ಬಟ್ಟೆಯೆಲ್ಲ ಮುಂದಿನ ಕೋಣೆಯ ಬೀರುವಿನಲ್ಲಿತ್ತು, ಒಂದು ದಾರವೂ ಸುಟ್ಟಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ನನಗೆ ಗೊತ್ತಿತ್ತು, ಕೈ ಸುಟ್ಟ ಮೇಲೂ ಮುದ್ದು ಎಂಬುದು ನಿನ್ನೆ ಗೊತ್ತಾಯಿತು. ಹಲ್ಲು ಬಿದ್ದ ಕತ್ತರಿಯನ್ನು ಹಾಜರುಪಡಿಸಿದ್ದೇನೆ. ಕಂಪನಿಗೆ ಹೋದ ಫೋಟೋದಲ್ಲಿ ನನ್ನ ಮೇಜು ಇರುತ್ತದೆ, ತರಿಸಿ ನೋಡುವುದು.

ಇಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಯಾಕೆ ಹೀಗೆ ಹೇಳಿದಿರಿ ಎಂದು ಅತ್ತೆಯನ್ನು ಕೇಳಿದೆ. ಅವರು ಗೋಡೆ ಕಡೆ ತಿರುಗಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಕೋರುತ್ತೇನೆ: "ನಿನ್ನ ಮೇಲೆ ಹೇಳಿದ್ರೆ ಎರಡು ದಿನ ಮುಖ ಊದಿಸ್ಕೊಂಡು ಊಟ ಹಾಕ್ತೀಯ. ಅವನ ಮೇಲೆ ಹೇಳಿದ್ರೆ ಅವನು ಮತ್ತೆ ಬಾಗಿಲಿಗೆ ಬರಲ್ಲ ಕಣೇ."

ಅವರ ಎರಡೂ ಕೈಗೆ ಬ್ಯಾಂಡೇಜು ಇದ್ದುದರಿಂದ ತಿಂಡಿ ನಾನೇ ತಿನ್ನಿಸಬೇಕಾಗಿತ್ತು, ತಿನ್ನಿಸಿದೆ.

ಅವರನ್ನು ನಾಳೆ ಆಸ್ಪತ್ರೆಯಿಂದ ಬಿಡುತ್ತಾರೆ. ನನ್ನ ಮನೆಗೇ ಕರೆತರುತ್ತೇನೆ. ವಿಚಾರಣೆಗೆ ನನ್ನನ್ನು ಕರೆಯುವುದಾದರೆ ಅವರ ಊಟವಾದ ಮೇಲಿನ ವೇಳೆ ಕೊಡಬೇಕು. ಮೈದುನನನ್ನು ಯಾವ ವೇಳೆಗಾದರೂ ಕರೆಯಬಹುದು, ಅವನಿಗಾಗಿ ಮನೆಯಲ್ಲಿ ಯಾರೂ ಹಸಿದು ಕಾಯುವುದಿಲ್ಲ.

ಮೇಲೆ ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಗಾದೆಗಳೂ ಸೇರಿ ಎಲ್ಲವೂ ನಾನು ಹೇಳಿದಂತೆಯೇ ಇದ್ದು, ಸತ್ಯವಾಗಿರುತ್ತದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 19, ಬೆಳಿಗ್ಗೆ 11.20
ಸಹಿ: ಟೈಲರಕ್ಕ