ಬಾಗಿಲ ಪಕ್ಕದ ಸೀಟು

ಹಳೆಯ ಸಿನಿಮಾಗಳನ್ನೇ ಮತ್ತೆ ಹಾಕುವ ಥಿಯೇಟರು ಅದು. ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿ ನಿಂತಿದ್ದರು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಅಮ್ಮ ಹಾಸಿಗೆ ಹಿಡಿದಾಗಿಂದ ನೀನು ಒಂದು ಸಿನಿಮಾನೂ ನೋಡಿಲ್ಲ ಅಲ್ವೇನೇ?” ಎಂದಳು ಅಕ್ಕ. “ಇನ್ಮೇಲೆ ವಾರಕ್ಕೊಂದು ನೋಡೋಣ. ಬಿಟ್ಟಿದ್ದನ್ನೆಲ್ಲ ಮುಗಿಸಿಬಿಡೋಣ.”

“ಒಂದು ನೋಡಿದೀನಿ. ಅದೂ ಅರ್ಧ.”

“ಯಾವಾಗ?”

“ಅಮ್ಮ ಹೋದ ದಿನ. ಊಟ ಮಾಡಿಸಿ ಮಲಗಿಸಿದ್ದೆ, ನಿದ್ದೆ ಹತ್ತಿತ್ತು. ಅಡುಗೆಮನೇಲಿ ಕೂತು ಫೋನಲ್ಲಿ ಹಾಕ್ಕೊಂಡೆ. ಸದ್ದಿಗೆ ಎಚ್ಚರ ಆಗಬಾರದು ಅಂತ ಇಯರ್‌ಫೋನ್ ಇಟ್ಕೊಂಡಿದ್ದೆ.”

ಅಕ್ಕ ಅವಳತ್ತ ತಿರುಗಿದಳು. “ನಿದ್ದೇಲೇ ಹೋದ್ಲು ಅಂತ ನೀನು ಅಂದಿದ್ದೆ.”

“ನಿಮಗೆಲ್ಲ ಹಾಗಂದೆ. ಕರೆಯೋಕೆ ಅಂತ ಅವಳ ಕೈಗೊಂದು ಗಂಟೆ ಕೊಟ್ಟಿದ್ನಲ್ಲ, ಅದು ಬಾಗಿಲ ಹತ್ರ ಬಿದ್ದಿತ್ತು. ಬಾರಿಸಿ ಬಾರಿಸಿ ಸಾಕಾಗಿ ಎಸೆದಿದ್ದಾಳೆ.”

“ಕೈ ಜಾರಿ ಬಿದ್ದಿರುತ್ತೆ ಬಿಡೇ.”

“ಮಂಚದಿಂದ ಬಾಗಿಲವರೆಗೂ ಜಾರುತ್ತಾ ಅಕ್ಕಾ?”

ಅಷ್ಟರಲ್ಲಿ ಅವರ ಸರದಿ ಬಂತು. ತಂಗಿ ಕಿಂಡಿಯತ್ತ ಬಗ್ಗಿ, “ಎರಡು ಕೊಡಿ, ಬಾಗಿಲ ಪಕ್ಕದ್ದು” ಎಂದಳು.

“ಮಧ್ಯದಲ್ಲಿ ಆರಾಮಾಗಿ ಕೂರೋಣ ಕಣೇ,” ಎಂದು ಅಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟಳು. “ಇನ್ನು ನಿನ್ನನ್ನ ಯಾರು ಕರೀತಾರೆ?”

“ಅವತ್ತೂ ಹಾಗೇ ಅಂದ್ಕೊಂಡಿದ್ದೆ.”

ತಂಗಿ ಟಿಕೆಟ್ ತೆಗೆದುಕೊಂಡು ಮುಂದೆ ನಡೆದಳು, ಅಕ್ಕ ಅವಳ ಹಿಂದೆ ಕತ್ತಲೆಯೊಳಗೆ ಹೋದಳು.