ಕಡಜಕ್ಕೊಂದು ತಟ್ಟೆ

ಬೀಸಬೇಡ, ಬೀಸಬೇಡ! ಕೈ ಇಳಿಸು ಯುವರಾಜ್. ಕಡಜ ಅದು, ಸೊಳ್ಳೆ ಅಲ್ಲ. ಒಂದನ್ನು ಜಜ್ಜಿದರೆ ಅದರ ವಾಸನೆಗೆ ಉಳಿದವೆಲ್ಲ ದಂಡೆತ್ತಿ ಬರ್ತವೆ. ಹಾಂ... ಹಾಗೇ ಕೂತಿರು. ನೋಡು, ತಾನೇ ಹೋಯ್ತು.

ಯಾಕೆ ನಗ್ತೀಯ? ಶಿವಮೊಗ್ಗದಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಮೀಡಿಯಂ ಸ್ಕೂಲು ನಡೆಸಿದವನು ನಾನು. ಸಾವಿರದಿನ್ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದೀನಿ, ಕಡಜ ಯಾವ ಲೆಕ್ಕ! ಭದ್ರಾವತಿಗೆ ಬಂದು ಈ ಮನೆ ಕಟ್ಟಿಸಿದಾಗಿಂದ ಇವುಗಳ ಜೊತೆ ಏಗ್ತಿದ್ದೀನಿ. ಎಲ್ಲದಕ್ಕೂ ಒಂದು ಪದ್ಧತಿ ಬೇಕು. ಪಾನಕದ ಪಾತ್ರೆಗೆ ಮುಚ್ಚಳ. ಉಂಡ ಎಲೆ ತಕ್ಷಣ ಚೀಲಕ್ಕೆ, ಚೀಲದ ಬಾಯಿಗೆ ಗಂಟು. ಊಟಕ್ಕೆ ಒಂದು ಗಂಟೆ ಮುಂಚೆ, ಶಾಮಿಯಾನದಿಂದ ಐವತ್ತು ಹೆಜ್ಜೆ ದೂರ, ಈ ಹೊಂಗೆ ಮರದ ಕೆಳಗೆ ಒಂದು ತಟ್ಟೆ ಬೆಲ್ಲದ ನೀರು, ಎರಡು ಕಳಿತ ಬಾಳೆಹಣ್ಣು. ಹುಳಕ್ಕೆ ಬೇಕಾದ್ದು ಇಲ್ಲೇ ಸಿಕ್ಕಿದರೆ ಅಲ್ಲಿಗೆ ಯಾಕೆ ಬರುತ್ತೆ, ಹೇಳು? ತಟ್ಟೆ ಒಣಗದ ಹಾಗೆ ನೋಡ್ಕೊಳ್ಳೋಕೆ ಒಬ್ಬರು ಬೇಕು, ಅಷ್ಟೇ.

ನೀನೇ ಯಾಕೆ ಅಂತೀಯಾ? ಅಯ್ಯೋ ಮಾರಾಯ, ಮೈಗೆ ಅರ್ಧ ಬಾಟಲಿ ಸೆಂಟು ಸುರ್ಕೊಂಡು ಬಂದಿದ್ದೀಯ! ಮೇಲೆ ಈ ಹಳದಿ ಷರ್ಟು ಬೇರೆ. ನೀನು ಶಾಮಿಯಾನದೊಳಗೆ ಕೂತರೆ ಇವೆಲ್ಲ ನಿನ್ನನ್ನೇ ಹೂವು ಅಂತ ತಿಳ್ಕೊಂಡು... ಏನು, ಶೀತಲ್ ಆರಿಸಿದ ಷರ್ಟಾ? ಸರಿ ಬಿಡು. ನನ್ನ ಮಗಳ ಆಯ್ಕೆಗಳ ಬಗ್ಗೆ ನಾನು ಮಾತಾಡೋದಿಲ್ಲ. ನಗು, ನಗು!

ಇಲ್ಲಪ್ಪ, ಮರೆತಿಲ್ಲ. ಇವತ್ತು, ಅವಳ ಅಮ್ಮನ ರಿಟೈರ್ಮೆಂಟ್ ಊಟದ ದಿನ, ನಿನ್ನನ್ನು ಅಣ್ಣನ ಮುಂದೆ ನಿಲ್ಲಿಸಿ, ಶೀತಲ್‌ನ ಮದುವೆ ಆಗೋ ಹುಡುಗ ಇವನೇ ಅಂತ ಹೇಳ್ತೀನಿ ಅಂದಿದ್ದೆ. ಕೊಟ್ಟ ಮಾತು ತಪ್ಪಿದವನಲ್ಲ ನಾನು. ನೀನು ನಮ್ಮ ಪೈಕಿ ಅಲ್ಲ ಅನ್ನೋದು ನನಗೆ ದೊಡ್ಡದಲ್ಲ. ಆದರೆ ನಮ್ಮಣ್ಣ ಚಂದ್ರಶೇಖರಪ್ಪ... ಹೆಸರು ಕೇಳೋಕೆ ಮುಂಚೆ ಯಾರ ಪೈಕಿ ಅಂತ ಕೇಳೋ ಮನುಷ್ಯ. ಹೊಟ್ಟೆ ತುಂಬಿದ ಮೇಲೆ ಹೇಳೋದು ವಾಸಿ. ಎರಡನೇ ಪಂಕ್ತಿ ಮುಗೀಲಿ.

ಏನದು?... ಚೀಟಿ? ಅಣ್ಣ ಕೊಟ್ಟನಾ? ಯಾವಾಗ ಬಂದಿದ್ದ ಈ ಕಡೆ? ಏನಂದ? ಕೊಡಿಲ್ಲಿ, ನನ್ನ ಕನ್ನಡಕ... "ಚಂದ್ರಶೇಖರಪ್ಪ, ಸಂತೆ ಮೈದಾನದ ಹಿಂದೆ, ಹೊಳೆಹೊನ್ನೂರು. ಭಾನುವಾರ ಹತ್ತಕ್ಕೆ. ಅಟ್ಟದಲ್ಲಿ ಎರಡು ಗೂಡು. ಏಣಿ ಇದೆ."

ಹ್ಹ... ಹ್ಹಹ್ಹ. ನೋಡಿದೆಯಾ, ನಿನ್ನ ಕೆಲಸ ಮೆಚ್ಚಿದ್ದಾನೆ! ಅವನಿಗೂ ವಯಸ್ಸಾಯ್ತು, ಏನೋ ತಪ್ಪು ತಿಳ್ಕೊಂಡಿರಬೇಕು...

ಹಾಗೆ ನೋಡಬೇಡ, ಯುವರಾಜ್.

...ಬೆಳಿಗ್ಗೆ ಗೇಟಿನ ಹತ್ತಿರ ಕೇಳಿದ, ಆ ಹುಡುಗ ಯಾರು ಅಂತ. ಸುತ್ತ ಎಲ್ಲರೂ ಇದ್ದರು. ನೀನು ಕೈಯಲ್ಲಿ ತಟ್ಟೆ ಹಿಡ್ಕೊಂಡು ನಿಂತಿದ್ದೆ. ಕಡಜ ಓಡಿಸೋಕೆ ಕರೆಸಿದವನು ಅಂದುಬಿಟ್ಟೆ. ಹೌದು, ನಾನೇ. ಸುಳ್ಳು ಹೇಳಿದ ಹುಡುಗರ ಅಪ್ಪಂದಿರನ್ನು ಸ್ಕೂಲಿಗೆ ಕರೆಸ್ತಿದ್ದ ನಾನೇ.

ಸರಿ ಮಾಡ್ತೀನಪ್ಪ. ಇವತ್ತೇ. ಎಲ್ಲರೂ ಹೊರಡಲಿ, ಆಮೇಲೆ ಅಣ್ಣನೊಬ್ಬನನ್ನೇ ಒಳಗೆ ಕರೆದು... ಯಾಕೆ ಎದ್ದೆ? ಕೋಪ ಬಂದಿದೆ, ಒಪ್ತೀನಿ. ನಿಮ್ಮೂರು ಮಾಚೇನಹಳ್ಳಿಗೆ ಬಸ್ಸು ಇನ್ನೇನು ಬರುತ್ತೆ... ನಿಲ್ಲು. ಗೇಟು ಆ ಕಡೆ ಅಲ್ಲ, ಯುವರಾಜ್. ಆ ಕಡೆ ಎಲ್ಲರೂ ಊಟಕ್ಕೆ ಕೂತಿದ್ದಾರೆ.