ಸೊನ್ನೆಗಿಂತ ಹಿಂದಿನ ಅರ್ಧ ಸೆಂಟಿಮೀಟರ್

ಮಾನ್ಯ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ನಿರ್ದೇಶಕರೇ, ಮೂವತ್ತೊಂದು ವರ್ಷ ನನ್ನನ್ನೂ ಮೀನಿನ ವಾಸನೆಯನ್ನೂ ಒಟ್ಟಿಗೆ ಸಹಿಸಿಕೊಂಡ ಸಹೋದ್ಯೋಗಿಗಳೇ, ಜಲಾಶಯದ ಮೀನುಗಾರ ಬಂಧುಗಳೇ, ಎರಡನೆಯ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಕಣ್ಣಲ್ಲೇ ಗದರುತ್ತಿರುವ ನನ್ನ ಹೆಂಡತಿಯೇ, ಮತ್ತು ಸಭಿಕರೇ,

ನಿವೃತ್ತಿಯ ದಿನ ಯಾರನ್ನು ತಾನೇ ಹೊಗಳುವುದಿಲ್ಲ? ಆದರೆ ನಿರ್ದೇಶಕರು ಈಗಷ್ಟೇ ಒಂದು ಹೆಜ್ಜೆ ಮುಂದೆ ಹೋದರು. ನಮ್ಮ ಜಲಾಶಯದಲ್ಲಿ ಮೀನು ಹೆಚ್ಚಿದ್ದು ನನ್ನ ಕಟ್ಟುನಿಟ್ಟಿನ ತಪಾಸಣೆಯಿಂದ, ಅದೇ ಮಾದರಿ ಇನ್ನು ಮುಂದೆ ಇಡೀ ರಾಜ್ಯದ ನೀತಿಯಾಗಲಿದೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನಗೆ ಬೆವರು ಬಂತು.

ನಿಯಮ ನಿಮಗೆ ಗೊತ್ತು. ಬಲೆಯ ಕಣ್ಣು ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾಗಿರಬಾರದು, ಇದ್ದರೆ ಮರಿಮೀನು ಸಿಕ್ಕಿಬೀಳುತ್ತದೆ. ಅದನ್ನು ಅಳೆಯಲು ಇಲಾಖೆ ನನಗೊಂದು ಮರದ ಸ್ಕೇಲ್ ಕೊಟ್ಟಿತ್ತು. ಜ್ವರ ಬಂದಾಗಲೂ ಅದು ನನ್ನ ತಲೆದಿಂಬಿನ ಪಕ್ಕ ಇರುತ್ತಿತ್ತು. ಮೀನುಗಾರರು ನನ್ನನ್ನು ‘ಸ್ಕೇಲ್ ಸಾಹೇಬ್ರು’ ಎಂದು ಕರೆಯುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ?

ಹೋದ ವಾರ ಹೊಸ ಅಧಿಕಾರಿಣಿಗೆ ಸ್ಕೇಲ್ ಒಪ್ಪಿಸಿ, ಅಳೆಯುವ ಕ್ರಮವನ್ನೂ ತೋರಿಸಿದೆ. ಆಕೆ ಮೆಲ್ಲಗೆ ಕೇಳಿದರು, “ಸಾರ್, ನೀವು ಮರದ ತುದಿಯಿಂದ ಅಳೀತೀರಾ?”

“ಮತ್ತೆ ಎಲ್ಲಿಂದಮ್ಮ ಅಳೀಬೇಕು?”

“ಸೊನ್ನೆ ಇಲ್ಲಿದೆಯಲ್ಲ ಸಾರ್. ತುದಿಗೂ ಸೊನ್ನೆಗೂ ನಡುವೆ ಅರ್ಧ ಸೆಂಟಿಮೀಟರ್ ಖಾಲಿ ಮರ ಬಿಟ್ಟಿದಾರೆ.”

ಕನ್ನಡಕ ಹಾಕಿಕೊಂಡು ನೋಡಿದೆ. ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಸರಿಯಾದ ನಾಲ್ಕರ ಬಲೆ ನನ್ನ ಕೈಯಲ್ಲಿ ಮೂರೂವರೆಯಾಗುತ್ತಿತ್ತು! ಮೂವತ್ತೊಂದು ವರ್ಷ ನಾನು ಸೊನ್ನೆಯ ಹಿಂದೆ ನಿಂತು ಸರ್ಕಾರ ನಡೆಸಿದ್ದೆ.

ಮೀನುಗಾರರ ಹಿರಿಯರ ಬಳಿ ಹೋಗಿ ತಪ್ಪೊಪ್ಪಿಕೊಂಡರೆ ಅವರು ನಕ್ಕರು. “ಅಯ್ಯೋ, ನಮ್ಗೆ ಮೊದಲಿಂದ್ಲೂ ಗೊತ್ತು ಬಿಡಿ. ಸಾಹೇಬ್ರ ನಾಲ್ಕು ಅಂದ್ರೆ ನಾಲ್ಕೂವರೆ ಅಂತ ನಾವೇ ಬಲೆ ಹಾಗೆ ಹೆಣೀತಿದ್ವಿ. ಮೀನೂ ದಪ್ಪ ಆದ್ವು. ಸುಮ್ನೆ ಯಾಕೆ ನಿಮ್ಮ ಮನಸ್ಸು ನೋಯಿಸೋದು?”

ಇದೇ, ನಿರ್ದೇಶಕರೇ, ತಾವು ರಾಜ್ಯಕ್ಕೆಲ್ಲ ಹಂಚಲಿರುವ ಮಾದರಿ. ಮೀನಿಗೆ ನಾಲ್ಕೂವರೆ ಒಳ್ಳೆಯದಾದರೆ ದಯವಿಟ್ಟು ನಿಯಮದಲ್ಲೇ ನಾಲ್ಕೂವರೆ ಎಂದು ಬರೆಸಿ. ನನ್ನಂಥವನ ಕನ್ನಡಕವನ್ನು ನಂಬಬೇಡಿ.

ಇಲ್ಲಿಗೆ ನಗು ಸಾಕು. ಎಲ್ಲರೂ ನನ್ನ ತಪ್ಪಿಗೆ ತಕ್ಕಂತೆ ಬಲೆ ಹೆಣೆದರು, ಒಬ್ಬನನ್ನು ಬಿಟ್ಟು. ಅವನು ನನ್ನ ಹೆಂಡತಿಯ ತಮ್ಮ. ಕಾನೂನು ನಾಲ್ಕು ಎಂದರೆ ನಾಲ್ಕೇ ಎನ್ನುವ ಮೊಂಡ. ಒಂಬತ್ತು ವರ್ಷದ ಹಿಂದೆ, ಒಂದು ಬೇಸಿಗೆಯೆಲ್ಲ ಕೂತು ಕೈಯಾರೆ ಹೆಣೆದ ಬಲೆಯನ್ನು ದಡದಲ್ಲಿ ಹರಡಿದ್ದ. ಅಕ್ಕನ ಹೊಲಿಗೆ ಟೇಪು ಹಿಡಿದು ಹೇಳಿದ, “ಭಾವ, ಒಂದ್ಸಲ ಇದ್ರಲ್ಲಿ ಅಳೆದು ನೋಡಿ. ಸರಿಯಾಗಿದೆ.”

ನಾನೇನು ಹೇಳಿದೆ ಗೊತ್ತೇ? “ರವಿಕೆ ಹೊಲಿಯೋ ಟೇಪು ಸರ್ಕಾರಕ್ಕೆ ಪಾಠ ಹೇಳುತ್ತಾ?” ನಾಲ್ಕು ಜನರ ಎದುರು ಹೇಳಿದೆ. ನಾಲ್ಕು ಜನ ನಕ್ಕರು. ಬಲೆ ಜಪ್ತಿಯಾಯಿತು.

ಅಂದಿನಿಂದ ಅವನು ನನ್ನನ್ನು ಭಾವ ಎಂದು ಕರೆದಿಲ್ಲ. ನನ್ನ ಮನೆಯಲ್ಲೇ ಕೂತು, “ಅಕ್ಕಾ, ಸಾಹೇಬ್ರಿಗೆ ಟೀ ಕೊಟ್ಯಾ?” ಎಂದು ಕೇಳುತ್ತಾನೆ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ‘ಸಾಹೇಬ್ರು’ ಒಂಬತ್ತು ವರ್ಷದಿಂದ ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ನನ್ನ ಹೆಂಡತಿ ನಮ್ಮಿಬ್ಬರ ನಡುವೆ ಲೋಟ ದಾಟಿಸಿ ದಾಟಿಸಿ ಸೋತಿದ್ದಾಳೆ.

ನೀವು ಪ್ರೀತಿಯಿಂದ ಕೊಟ್ಟ ಈ ಗಡಿಯಾರದಲ್ಲಿ ಈಗ ಐದು ಗಂಟೆ. ಐದೂವರೆಯವರೆಗೆ ನಾನಿನ್ನೂ ಅಧಿಕಾರಿ. ಬೆಳಿಗ್ಗೆ ನನ್ನ ಕೊನೆಯ ಆದೇಶಕ್ಕೆ ಸಹಿ ಹಾಕಿದ್ದೇನೆ. ಓದುತ್ತೇನೆ: ‘ಜಪ್ತಿಯಾದ ಬಲೆಯಲ್ಲಿ ದೋಷವಿಲ್ಲ. ದೋಷ ಅಳೆದವನದು. ಬಲೆಯನ್ನು ಕ್ಷಮಾಪಣೆಯೊಂದಿಗೆ ಹಿಂದಿರುಗಿಸತಕ್ಕದ್ದು.’ ಬಲೆ ಈ ಮೇಜಿನ ಕೆಳಗೆ ಚೀಲದಲ್ಲಿದೆ. ಇಲಿ ಕಡಿದ ಎರಡು ಕಡೆ ನಾನೇ ಗಂಟು ಹಾಕಿದ್ದೇನೆ. ಗಂಟು ಸೊಟ್ಟಗಿವೆ, ಕಣ್ಣು ಮಾತ್ರ ನಾಲ್ಕೇ. ಭಾವಮೈದ, ನಿನ್ನ ಅಕ್ಕನ ಟೇಪಿನಲ್ಲೇ ಅಳೆದಿದ್ದೇನೆ.

ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದೀಯಲ್ಲ, ಏಳಬೇಡ. ನೀನು ವೇದಿಕೆಗೆ ಬರುವುದಲ್ಲ, ನಾನೇ ಚೀಲ ಹೊತ್ತು ಬರುತ್ತೇನೆ. ನಾಲ್ಕು ಜನರ ಎದುರು ಕಿತ್ತುಕೊಂಡದ್ದನ್ನು ನಾನೂರು ಜನರ ಎದುರು ಕೊಡುತ್ತೇನೆ. ಬಲೆ ತಲುಪಿತು ಎನ್ನಲು ನಿನ್ನ ಸಹಿ ಬೇಡ. ಹಿಂದೆ ಏನಂತ ಕರೆಯುತ್ತಿದ್ದೆಯೋ ಹಾಗೆ ಒಂದು ಸಲ ಕರೆದರೆ ಸಾಕು. ಕರೆಯದಿದ್ದರೂ ಬಲೆ ನಿನ್ನದೇ.

ಇಷ್ಟು ಹೊತ್ತು ಕೇಳಿಸಿಕೊಂಡ, ಇಷ್ಟು ವರ್ಷ ನಕ್ಕರೂ ನನ್ನ ಕಣ್ಣಿಗೆ ಬೀಳದಂತೆ ನಕ್ಕ ನಿಮಗೆಲ್ಲ ನಾನು ಋಣಿ. ಮೈಕು ಬಿಟ್ಟು ಕೆಳಗಿಳಿಯುತ್ತಿದ್ದೇನೆ. ದಾರಿ ಬಿಡಿ, ನಮಸ್ಕಾರ.